ಬಾಯಿ ತೊಳ್ಕೊಂಡು ಬಾ

ಕಿಟಕಿಯ ಪಕ್ಕ ಕೂತಿದ್ದ ಶಶಿಕಲಾ, ಬಸ್ಸಿನಲ್ಲಿ ಯಾರೂ ತನ್ನನ್ನು ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮಣಿಕಟ್ಟನ್ನು ತುಟಿಯ ಬಳಿಗೆ ತಂದು ನೆಕ್ಕಿದಳು. ಎಂಜಲು ಆರುವವರೆಗೆ ಕಾದು ಮೂಸಿದಳು. ಏನೂ ಇರಲಿಲ್ಲ. ಬೆಳಿಗ್ಗೆಯ ಸೋಪಿನ ಅಷ್ಟಿಷ್ಟು ಪರಿಮಳ, ಬಳೆಯ ಲೋಹದ ತಣ್ಣನೆಯ ವಾಸನೆ, ಅಷ್ಟೆ. ನಂಬಿಕೆ ಬರದೆ ಇನ್ನೊಂದು ಕೈಯನ್ನೂ ನೆಕ್ಕಿದಳು. ಮಾಕಳಿಯಿಂದ ಹೊರಟ ಬಸ್ಸು ತುಮಕೂರು ರಸ್ತೆಯ ಲಾರಿಗಳ ನಡುವೆ ತೆವಳುತ್ತಿತ್ತು. ನಿನ್ನೆ ಈ ಹೊತ್ತಿಗೆ ಇದೇ ಸೀಟಿನಲ್ಲಿ ಲವಂಗ ಕಚ್ಚಿಕೊಂಡು, ತುಟಿ ಬಿಗಿದು, ಮೂಗಿನಿಂದಲೇ ಉಸಿರಾಡುತ್ತ ಕೂತಿದ್ದವಳು ತಾನೇ ಎಂದು ನೆನೆದಾಗ ಆ ಹೆಂಗಸಿನ ಮೇಲೆ ಮರುಕವಲ್ಲ, ಹೇಸಿಗೆಯಾಯಿತು. ನಿನ್ನೆ ಅವಳು ಕೆಲಸ ಮಾಡುವ ಪೀಣ್ಯದ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಹಲ್ಲಿನ ಕ್ಯಾಂಪ್ ಇತ್ತು. ಸ್ವಿಚ್ಚುಗಳನ್ನು ಪರೀಕ್ಷಿಸಿ ಡಬ್ಬಕ್ಕೆ ತುಂಬುವ ವಿಭಾಗದ ಹೆಂಗಸರೆಲ್ಲ ಸಾಲಿನಲ್ಲಿ ನಿಂತಿದ್ದರು. ಶಾಂಭವಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಟಾರ್ಚು ಹಿಡಿದು, ಒಬ್ಬೊಬ್ಬರ ಬಾಯನ್ನೂ ನೋಡುತ್ತಿದ್ದಳು. ತನ್ನ ಸರದಿ ಬಂದಾಗ ಶಶಿಕಲಾ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದೇ, "ಮೇಡಂ, ಮಾಸ್ಕ್ ಸರಿಯಾಗಿ ಹಾಕ್ಕೊಂಡುಬಿಡಿ. ನನ್ನ ಬಾಯಿ ಸ್ವಲ್ಪ ವಾಸನೆ" ಎಂದಿದ್ದಳು. ಡಾಕ್ಟರು ಅವಳ ಕೈಯನ್ನು ಮೆಲ್ಲಗೆ ಸರಿಸಿ, ಬಾಯಿ ತೆರೆಸಿ ನೋಡಿ, ಆಮೇಲೆ ತನ್ನ ಮಾಸ್ಕನ್ನೇ ಕೆಳಗಿಳಿಸಿ, ಹಾಲು ಒಡೆದಿದೆಯೋ ಎಂದು ಮೂಸುವ ಹಾಗೆ ಹತ್ತಿರ ಬಂದು ಮೂಸಿದಳು.

"ಯಾರು ಹೇಳಿದ್ರು ನಿಮಗೆ?"

"ನಮ್ಮನೆಯವ್ರು."

"ಏನೂ ಇಲ್ಲ ಮೇಡಂ. ಬೆಳಿಗ್ಗೆಯಿಂದ ಇಷ್ಟು ಕ್ಲೀನಾಗಿರೋ ಬಾಯಿ ನಾನು ನೋಡೇ ಇಲ್ಲ. ಉಜ್ಜೀ ಉಜ್ಜೀ ಒಸಡೇ ಸವೆಸಿಬಿಟ್ಟಿದೀರ. ಇನ್ಮೇಲೆ ಅಷ್ಟು ಜೋರಾಗಿ ಉಜ್ಜಬೇಡಿ."

ಮಣಿಕಟ್ಟು ನೆಕ್ಕಿ ನೋಡುವ ಉಪಾಯವನ್ನೂ ಅವಳೇ ಹೇಳಿಕೊಟ್ಟಳು. ಶಶಿಕಲಾ ಥ್ಯಾಂಕ್ಸ್ ಕೂಡ ಹೇಳದೆ ಎದ್ದು ಬಂದಿದ್ದಳು. ಖುಷಿಯಾಗಬೇಕಿತ್ತು. ಎದೆಯೊಳಗೆ ಏನೋ ಕುಸಿದು, ಕುಸಿದ ಜಾಗದಲ್ಲಿ ಕಾವು ಏಳತೊಡಗಿತ್ತು.

ಮದುವೆಯಾದ ದಿನ ಗುರುರಾಜ್ ಮಂಚದ ಮೇಲೆ ಕೂತು, ಹತ್ತಿರ ಬಂದ ಅವಳ ಮುಖದಿಂದ ತನ್ನ ಮುಖ ಹೊರಳಿಸಿ, "ಬಾಯಿ ತೊಳ್ಕೊಂಡು ಬಾ" ಎಂದಿದ್ದ. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಕಾಲು ತೊಳೆದುಕೊಂಡು ಬಾ ಎಂದ ಹಾಗಿತ್ತು. ಅವಳು ಬಚ್ಚಲಿಗೆ ಹೋಗಿ, ಕೈಗೆ ಬಳಿದ ಮದರಂಗಿ ನೀರಿಗೆ ಬಣ್ಣ ಬಿಡುವುದನ್ನು ನೋಡುತ್ತ, ಅದೆಷ್ಟು ಹೊತ್ತು ಬಾಯಿ ಮುಕ್ಕಳಿಸಿದಳೋ. ತಿರುಗಿ ಬಂದಾಗ ಅವನು ನಿದ್ದೆ ಹೋಗಿದ್ದ. ಅಲ್ಲಿಂದಾಚೆಗೆ ಅವಳ ಬದುಕೆಲ್ಲ ಆ ಬಚ್ಚಲಲ್ಲೇ ನಡೆದಂತೆ ಈಗ ತೋರಿತು. ಬೇವಿನ ಕಡ್ಡಿ, ಉಪ್ಪುನೀರು, ನಾಲಿಗೆ ಕೆರೆಯುವ ತಾಮ್ರದ ಪಟ್ಟಿ, ಬೆಳಿಗ್ಗೆ ಎಳ್ಳೆಣ್ಣೆ ಮುಕ್ಕಳಿಸುವುದು, ಊಟದ ಮೇಲೆ ಸೋಂಪು, ಹೊರಡುವಾಗ ಲವಂಗ, ಮಲಗುವಾಗ ಗಂಟಲು ಸುಡುವ ನೀಲಿ ಮೌತ್‌ವಾಶ್. ಈರುಳ್ಳಿ ಬಿಟ್ಟಳು, ಬೆಳ್ಳುಳ್ಳಿ ಬಿಟ್ಟಳು. ಮೂಲಂಗಿ ಸಾಂಬಾರನ್ನು ಅವನಿಗೆ ಮಾಡಿ ಬಡಿಸಿ ತಾನು ಮೊಸರನ್ನ ತಿಂದಳು. ಕಾಲೇಜಿನಲ್ಲಿ ಭಾವಗೀತೆ ಹಾಡಿ ಬಹುಮಾನ ತಂದಿದ್ದವಳು ಹಾಡುವಾಗ ಬಾಯಿ ತೆರೆಯಬೇಕಾಗುತ್ತದೆಂದು ಹಾಡುವುದನ್ನೇ ನಿಲ್ಲಿಸಿದಳು. ಫ್ಯಾಕ್ಟರಿಯಲ್ಲಿ ಲೈನ್ ಲೀಡರ್ ಆಗು ಅಂದಾಗ, ಹುಡುಗಿಯರ ಎದುರು ನಿಂತು ದಿನವಿಡೀ ಮಾತಾಡಬೇಕಲ್ಲ ಎಂದು ಹೆದರಿ ಬೇಡವೆಂದಳು. ಅದನ್ನೆಲ್ಲ ಹೇಗೋ ನುಂಗಬಹುದಿತ್ತು. ವೇಣಿ ಹುಟ್ಟಿದಾಗ, ಎದೆಗೆ ಹಚ್ಚಿಕೊಂಡ ಮಗುವಿನ ಮುಖದ ಮೇಲೆ ತನ್ನ ಉಸಿರು ಬೀಳಬಾರದೆಂದು ಕತ್ತು ತಿರುಗಿಸಿಕೊಂಡೇ ಹಾಲು ಕೊಟ್ಟಿದ್ದಳು. ಒಂದು ಸಲವೂ ಆ ಕೆನ್ನೆಗೆ ಮುತ್ತಿಡಲಿಲ್ಲ. ಬೇಕೆನಿಸಿದಾಗ ಅಂಗಾಲಿಗೆ ಇಟ್ಟಳು. ಹೋದ ವರ್ಷ ಮೈಸೂರಿನ ಹಾಸ್ಟೆಲಿಗೆ ಹೊರಟು ನಿಂತ ಮಗಳು, "ಅಮ್ಮಂಗೆ ನನ್ ಕಂಡ್ರೆ ಅಷ್ಟಕ್ಕಷ್ಟೆ, ಅಪ್ಪನೇ ವಾಸಿ" ಎಂದು ನಕ್ಕು ಅವನನ್ನು ಅಪ್ಪಿಕೊಂಡಿದ್ದಳು. ಶಶಿಕಲಾ ಬಾಗಿಲ ಬಳಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಅಳು ತಡೆಯುತ್ತಿದ್ದಾಳೆ ಎಂದು ಎಲ್ಲರೂ ತಿಳಿದರು.

ಆ ದಿನ ಬಸ್ಸಿಳಿದು ಕೆಲಸಕ್ಕೆ ಹೋದ ಮೇಲೆ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಪಕ್ಕದ ಮೇಜಿನ ಬಸಮ್ಮನನ್ನು ಫ್ಯಾಕ್ಟರಿಯ ಹಿಂಬದಿಗೆ ಕರೆದೊಯ್ದಳು. ಬಸಮ್ಮ ಸಿಂಧನೂರಿನ ಕಡೆಯವಳು. ಇದ್ದದ್ದನ್ನು ಇದ್ದ ಹಾಗೆ ಹೇಳುವವಳೆಂದು ಅವಳ ಬಳಿ ಯಾರೂ ಅಭಿಪ್ರಾಯ ಕೇಳುತ್ತಿರಲಿಲ್ಲ. "ಬಸಮ್ಮ, ನನ್ನ ಬಾಯಿ ಮೂಸು" ಎಂದಾಗ ಅವಳು ಮೊದಲು ದಿಗಿಲುಗೊಂಡು, ಆಮೇಲೆ ಹತ್ತಿರ ಬಂದು ಮೂಸಿ, ಬಿದ್ದು ಬಿದ್ದು ನಕ್ಕಳು.

"ಅಯ್ಯ ಅಕ್ಕಾ, ಮೊಸರನ್ನದ ವಾಸ್ನಿ ಬರಾಕತ್ತೈತಿ, ಮತ್ತೇನೂ ಇಲ್ಲ. ನೀವು ಬಾಯಿ ಮುಚ್ಚಿ ಮಾತಾಡೋದು ನೋಡಿ, ಮುಂದಿನ ಹಲ್ಲು ಇಲ್ಲೇನೋ ಅಂತ ಮಾಡಿದ್ವಿ ನಾವೆಲ್ಲಾ!"

ನಗಬೇಕೆಂದುಕೊಂಡ ಶಶಿಕಲಾಳ ಕೈ ತಾನಾಗಿಯೇ ಬಾಯಿಗೆ ಹೋಯಿತು. ಕೈ ಇಳಿಸಲು ಅವಳು ಬಲ ಹಾಕಬೇಕಾಯಿತು.

ಗುರುರಾಜ್ ಪೀಣ್ಯದಲ್ಲೇ ಬೇರಿಂಗ್ ಮಾರುವ ಕಂಪನಿಯೊಂದರಲ್ಲಿ ಸೇಲ್ಸ್ ನೋಡಿಕೊಳ್ಳುತ್ತಿದ್ದ. ಎದುರಿಗಿದ್ದವರ ಭುಜ ಹಿಡಿದು, ಮುಖಕ್ಕೆ ಮುಖ ತಂದು ಮಾತಾಡುವುದು ಅವನ ಅಭ್ಯಾಸ. ಅದೇ ತನ್ನ ಬಂಡವಾಳವೆಂದು ಹೇಳಿಕೊಳ್ಳುತ್ತಿದ್ದ. ಆ ಸಂಜೆ ಅವನು ಶೂ ಬಿಚ್ಚುತ್ತ ಯಾವುದೋ ವರ್ಕ್‌ಶಾಪಿನ ಮಾಲೀಕನನ್ನು ಹೇಗೆ ಬಗ್ಗಿಸಿದೆನೆಂದು ಹೇಳುತ್ತಿದ್ದಾಗ ಶಶಿಕಲಾ ಕಾಫಿ ಲೋಟ ಹಿಡಿದು, ಎಂದಿನಂತೆ ತೋಳಿನಷ್ಟು ದೂರದಲ್ಲಿ ನಿಲ್ಲದೆ, ಅವನ ಪಕ್ಕದಲ್ಲೇ ಕೂತಳು. ಕೂತು ಉಸಿರೆಳೆದುಕೊಂಡಳು. ಆ ವಾಸನೆ ಅವಳಿಗೆ ಹೊಸದಾಗಿರಲಿಲ್ಲ. ಹೂದಾನಿಯಲ್ಲಿ ಮರೆತ ನೀರಿನಂಥದು, ಕೊಳೆತ ಹೂವಿನ ತೊಟ್ಟಿನಂಥದು. ಈ ಮನೆಯ ಕೋಣೆಯಲ್ಲಿ, ದಿಂಬಿನಲ್ಲಿ, ಅವರಿಬ್ಬರ ನಡುವಿನ ಗಾಳಿಯಲ್ಲಿ ಎಷ್ಟೋ ಕಾಲದಿಂದ ಇದ್ದದ್ದು. ಇಷ್ಟು ದಿನ ಅದು ತನ್ನದೆಂದು ತಿಳಿದು ಅದಕ್ಕಾಗಿ ನಾಚಿದ್ದಳು. ವಾಸನೆ ಬಂದಾಗಲೆಲ್ಲ ಎದ್ದು ಹೋಗಿ ತನ್ನ ಬಾಯಿ ತೊಳೆದುಕೊಂಡು ಬಂದಿದ್ದಳು. ಬೆಳಿಗ್ಗೆ ಅವನ ಬ್ರಷ್ಷಿನ ಬುಡದಲ್ಲಿ ಕಾಣುತ್ತಿದ್ದ ಗುಲಾಬಿ ಬಣ್ಣದ ನೊರೆ ನೆನಪಾಯಿತು. ಒಸಡಿನಿಂದ ರಕ್ತ ಬರುತ್ತಿದೆ. ಬಾಯಿ ವಾಸನೆಯ ಬಗ್ಗೆ ಮೊಬೈಲಿನಲ್ಲಿ ಇರುವುದನ್ನೆಲ್ಲ ಓದಿದ್ದವಳಿಗೆ ಅದು ಒಸಡಿನ ಕಾಯಿಲೆಯೆಂದು ಗೊತ್ತಿತ್ತು. ಹೇಳಲು ತುಟಿ ತೆರೆದಳು. ಅವನು ಮಾತಿನ ನಡುವೆಯೇ ಅವಳತ್ತ ನೋಡಿ ಮೂಗು ತುಸು ಸಿಂಡರಿಸಿ, "ಯಾಕೆ ಇಷ್ಟು ಹತ್ರ ಬಂದು ಕೂತ್ಕೊಂಡಿದೀಯ?" ಎಂದ.

"ಏನಿಲ್ಲ" ಎಂದು ಅವಳು ತುಟಿ ಮುಚ್ಚಿಕೊಂಡಳು. ಇನ್ನು ಹೇಳುವುದಿಲ್ಲ ಎಂಬುದು ಆ ಕ್ಷಣದಲ್ಲೇ ತೀರ್ಮಾನವಾಯಿತು. ಇಷ್ಟು ಸುಲಭದ, ಇಷ್ಟು ಸದ್ದಿಲ್ಲದ ಆಯುಧ ತನ್ನ ಕೈಯಲ್ಲಿರುವುದು ಅವಳಿಗೇ ಬೆರಗು ತಂದಿತು. ಏನನ್ನೂ ಮಾಡಬೇಕಾಗಿಲ್ಲ. ಒಂದು ಮಾತು ಆಡದಿದ್ದರೆ ಸಾಕು.

ಮರುದಿನ ಬಚ್ಚಲಿನ ಗೂಡಿನಲ್ಲಿದ್ದ ತನ್ನ ಸಾಮಾನನ್ನೆಲ್ಲ ಕಸದ ಚೀಲಕ್ಕೆ ಸುರಿದಳು. ಗೂಡು ಖಾಲಿಯಾದದ್ದನ್ನು ನೋಡಿ ಅವನು, "ಎಲ್ಲ ಬಿಸಾಕಿದ್ಯಾ? ಹುಷಾರು ಕಣೇ, ನಾಲ್ಕು ಜನದ ಜೊತೆ ಕೆಲಸ ಮಾಡೋಳು" ಎಂದ. ಅವಳು ತಲೆಯಾಡಿಸಿದಳು. ಆ ದಿನಗಳಲ್ಲೇ ಅವನ ಕಂಪನಿಯಲ್ಲಿ ಏರಿಯಾ ಮ್ಯಾನೇಜರನ ಜಾಗ ತೆರವಾಗಿತ್ತು. ತನಗೇ ಸಿಗುವುದೆಂದು ಅವನಿಗೆ ಖಚಿತ. ದಾವಣಗೆರೆ, ಹೊಸೂರು, ಅತ್ತಿಬೆಲೆಯ ದೊಡ್ಡ ಗಿರಾಕಿಗಳ ಎದುರು ಮಾತಾಡಿ ತೋರಿಸಬೇಕಿತ್ತು. ಸಂಜೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಗಿರಾಕಿಯೆಂದು ಭಾವಿಸಿ, ಬಗ್ಗಿ ಮಾತಾಡಿ ತೋರಿಸುತ್ತಿದ್ದ. ಅವಳು ಹಿಂದೆ ಸರಿಯಲಿಲ್ಲ. ಅವನ ಒಂದೊಂದು ಅಕ್ಷರವೂ ಬೆಚ್ಚಗೆ, ಹುಳಿಯಾಗಿ ಮುಖಕ್ಕೆ ಬಡಿಯುತ್ತಿತ್ತು. ಆದರೂ ಕಣ್ಣು ಮಿಟುಕಿಸದೆ ಕೇಳಿ, "ತುಂಬ ಚೆನ್ನಾಗಿದೆ. ಇನ್ನೂ ಸ್ವಲ್ಪ ಹತ್ರ ಹೋಗಿ ಮಾತಾಡಿ, ಆಗ ನಂಬಿಕೆ ಬರುತ್ತೆ" ಎಂದಳು. ಅವನು ಮಗುವಿನ ಹಾಗೆ ಹಿಗ್ಗಿದ. ಅಷ್ಟು ಹಿಗ್ಗಿದ್ದನ್ನು ಕಂಡು ಒಂದು ಗಳಿಗೆ ಅವಳಿಗೆ ಕಸಿವಿಸಿಯಾಯಿತು. ಆಗ ವೇಣಿಯ ಅಂಗಾಲನ್ನು ನೆನೆಸಿಕೊಂಡಳು. ಕಸಿವಿಸಿ ಹೋಯಿತು.

ಅವನ ಕೈಕೆಳಗಿದ್ದ ವಸಂತ್ ಎಂಬ ಹುಡುಗ ಒಂದು ದಿನ ಅವಳಿಗೆ ಫೋನ್ ಮಾಡಿದ. ಬಹಳ ಹೊತ್ತು ಊಟ, ಆರೋಗ್ಯ ಎಂದು ಸುತ್ತಿ ಬಳಸಿ, ಕೊನೆಗೆ, "ಅಕ್ಕ, ತಪ್ಪು ತಿಳ್ಕೋಬೇಡಿ. ಸಾರ್‌ಗೆ ಒಂದ್ಸಲ ಹಲ್ಲಿನ ಡಾಕ್ಟ್ರಿಗೆ ತೋರಿಸೋಕೆ ಹೇಳ್ತೀರಾ? ಗಿರಾಕಿಗಳು ಒಂಥರಾ ಹಿಂದೆ ಸರೀತಾರೆ. ನಾವು ಹೇಳೋಕಾಗಲ್ಲ. ಮನೆಯವ್ರು ಹೇಳಿದ್ರೆ ಬೇಜಾರಾಗಲ್ಲ" ಎಂದ. ಅವನ ದನಿಯಲ್ಲಿದ್ದ ಪ್ರೀತಿ ಅವಳಿಗೆ ಚುಚ್ಚಿತು. ಗುರುರಾಜನನ್ನು ಹೀಗೆ ಪ್ರೀತಿಸುವ ಹುಡುಗನೊಬ್ಬ ಇರಬಹುದೆಂದು ಅವಳಿಗೆ ತೋಚಿರಲಿಲ್ಲ. "ಹೇಳ್ತೀನಪ್ಪ, ಒಳ್ಳೇದು ಮಾಡ್ದೆ" ಎಂದಳು. ಹೇಳಲಿಲ್ಲ. ಕೆಲವು ದಿನ ಕಳೆದ ಮೇಲೆ ಗುರುರಾಜ್ ಬೇಗ ಮನೆಗೆ ಬಂದು, ಶೂ ಬಿಚ್ಚದೆ ಸೋಫಾದ ಮೇಲೆ ಕೂತ. ಮ್ಯಾನೇಜರ್ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದರು. ಅಷ್ಟೇ ಅಲ್ಲ, ಅವನನ್ನು ಫೀಲ್ಡಿನಿಂದ ತೆಗೆದು ಗೋಡೌನಿನ ಸ್ಟಾಕು ನೋಡಿಕೊಳ್ಳಲು ಹಾಕಿದ್ದರು. ಗೋಡೌನಿನಲ್ಲಿ ಮಾತಾಡಲು ಜನರಿರಲಿಲ್ಲ, ಗ್ರೀಸು ಬಳಿದ ಪೆಟ್ಟಿಗೆಗಳಿದ್ದವು.

"ಯಾಕೆ ಅಂತ ಯಾರೂ ಬಾಯ್ಬಿಡ್ತಿಲ್ಲ ಕಣೇ. ನಾನು ಹತ್ರ ಹೋದ್ರೆ ದೂರ ಹೋಗ್ತಾರೆ. ಲಿಫ್ಟಲ್ಲಿ ಮೊಬೈಲ್ ನೋಡ್ಕೊಂಡು ಆ ಕಡೆ ತಿರುಗ್ತಾರೆ. ನಾನೇನು ಮಾಡ್ದೆ ಇವ್ರಿಗೆ?"

ಶಶಿಕಲಾ ಮಜ್ಜಿಗೆ ತಂದು ಕೊಟ್ಟಳು. "ಹೊಟ್ಟೆಕಿಚ್ಚು ರೀ. ನೀವು ಮಾತಾಡೋದು ಅವ್ರಿಗೆ ಸಹಿಸೋಕಾಗಲ್ಲ" ಎಂದಳು. ಅವನು ಮಜ್ಜಿಗೆ ಕುಡಿದು ಅವಳ ಕೈ ಒತ್ತಿದ. ಎಷ್ಟೋ ವರ್ಷಗಳಿಂದ ಅವನು ಹಾಗೆ ಅವಳ ಕೈ ಮುಟ್ಟಿರಲಿಲ್ಲ. ಅವಳ ಮೈಯಲ್ಲಿ ಗೆಲುವಿನ ಹಾಗೆ ಏನೋ ಹರಿಯಿತು. ಅದರ ಹಿಂದೆಯೇ, ಇದು ಇಷ್ಟಕ್ಕೇ ಮುಗಿಯಿತೆ ಎಂಬ ನಿರಾಸೆಯೂ ಬಂತು. ಶಿಕ್ಷೆ ಬಿದ್ದವನಿಗೆ ಯಾವ ತಪ್ಪಿಗೆಂದು ತಿಳಿಯದಿದ್ದರೆ ಅದೆಂಥ ಶಿಕ್ಷೆ?

ಬೇಸಿಗೆ ಏರುತ್ತಿದ್ದಂತೆ ಅವನು ಒಣಗತೊಡಗಿದ. ಬೆಲ್ಟಿಗೆ ಹೊಸ ತೂತು ಕೊರೆಸಿಕೊಂಡ. ಬಿಂದಿಗೆ ನೀರು ಸಾಲುತ್ತಿರಲಿಲ್ಲ. ನಿದ್ದೆಯಿಂದ ಎದ್ದೆದ್ದು ಬಚ್ಚಲಿಗೆ ಹೋಗುತ್ತಿದ್ದ. ಕೆಳಗಿನ ಮನೆಯ ಓನರ್ ವೆಂಕಟಮ್ಮ ಮೆಟ್ಟಿಲ ಬಳಿ ಸೊಪ್ಪು ಬಿಡಿಸುತ್ತ, "ನಿಮ್ಮೆಜಮಾನ್ರು ಯಾಕಮ್ಮ ಇಂಗೆ ಸೊರಗೋಗವ್ರೆ? ಒಂದ್ಕಿತ ಆಸ್ಪತ್ರೆಗೆ ತೋರ್ಸು. ಅಂಗೇ ಬುಟ್ರೆ ಆದಾತಾ?" ಎಂದಳು. ಶಶಿಕಲಾಳಿಗೆ ಗೊತ್ತಿತ್ತು. ಅವನ ಉಸಿರಿಗೆ ಈಗ ಬೇರೆಯದೇ ಒಂದು ವಾಸನೆ ಸೇರಿತ್ತು, ತೀರ ಮಾಗಿದ ಬಾಳೆಹಣ್ಣಿನಂಥ ಸಿಹಿ. ಮೊಬೈಲಿನಲ್ಲಿ ಹುಡುಕಿ ಓದಿದಳು. ಸಕ್ಕರೆ ಕಾಯಿಲೆ ಮಿತಿ ಮೀರಿದವರ ಉಸಿರು ಹಾಗಿರುತ್ತದೆ, ತಡ ಮಾಡಬಾರದು ಎಂದಿತ್ತು. ಓದಿ ಮೊಬೈಲನ್ನು ಕವುಚಿಟ್ಟು ಅಕ್ಕಿ ಆರಿಸಲು ಕೂತಳು. ಇದೂ ಅದೇ ಮೌನದ ಮುಂದುವರಿಕೆ ತಾನೆ, ತಾನು ಹೊಸದಾಗಿ ಏನು ಮಾಡುತ್ತಿದ್ದೇನೆ ಎಂದು ಮನಸ್ಸು ಹೇಳಿತು. ಆದರೆ ಅಕ್ಕಿಯ ಮೇಲೆ ಓಡುತ್ತಿದ್ದ ಬೆರಳುಗಳು ತಣ್ಣಗಾಗಿದ್ದವು. ತಾನು ಕೊಲ್ಲುತ್ತಿದ್ದೇನೆ ಎಂಬ ಮಾತು ಒಳಗೆ ಪೂರ್ತಿ ರೂಪ ತಾಳುವ ಮೊದಲೇ ಎದ್ದು ಮಿಕ್ಸಿ ಹಾಕಿದಳು, ಆ ಸದ್ದಿನಲ್ಲಿ ಅದು ಕೇಳಿಸದಿರಲೆಂದು. ಮರುದಿನವೂ ಹೇಳಲಿಲ್ಲ. ಅದರ ಮರುದಿನ, ಭಾನುವಾರ, ಹಾಲು ತರಲು ಹೋದವನು ಮೆಟ್ಟಿಲ ನಡುವೆ ಗೋಡೆಗೆ ಒರಗಿ ಕೂತುಬಿಟ್ಟ. ಹಾಲಿನ ಪ್ಯಾಕೆಟ್ಟು ಜಾರಿ ಕೆಳಗೆ ಬಿದ್ದು ಒಡೆಯಿತು. ಅವನ ಕಣ್ಣು ಎಲ್ಲೋ ನೋಡುತ್ತಿತ್ತು. ಅವನನ್ನು ಹಿಡಿದುಕೊಳ್ಳಲು ಓಡಿದ ಶಶಿಕಲಾಳಿಗೆ ಹುಟ್ಟಿದ್ದು ಭಯ. ಆದರೆ ಅವನು ಸಾಯುತ್ತಾನೆ ಎಂಬ ಭಯವಲ್ಲ ಅದು. ಏನೂ ತಿಳಿಯದೆ ಸಾಯುತ್ತಾನೆ ಎಂಬುದು.

ನೀರು ಕುಡಿಸಿ, ಅಲ್ಲೇ ಮೆಟ್ಟಿಲ ಮೇಲೆ ಅವನ ಪಕ್ಕ ಕೂತು ಹೇಳಿದಳು. "ರೀ, ನಿಮ್ಮ ಬಾಯಿ ನಾರುತ್ತೆ."

ಅವನು ನಗಲು ನೋಡಿದ. "ನಂದಾ?"

"ಹೂಂ. ಅದಕ್ಕೇ ಜನ ದೂರ ಹೋಗೋದು. ಅದಕ್ಕೇ ಗೋಡೌನಿಗೆ ಹಾಕಿದ್ದು. ವಸಂತ್ ಫೋನ್ ಮಾಡಿ ಹೇಳಿದ್ದ."

"ಯಾವಾಗಿಂದ?"

"ತುಂಬಾ ದಿನದಿಂದ."

"ಮತ್ತೆ ನೀನ್ಯಾಕೆ ಹೇಳ್ಲಿಲ್ಲ?"

ಅವಳು ಆಟೋಗೆ ಫೋನ್ ಮಾಡಿದಳು. ಆಸ್ಪತ್ರೆಯಲ್ಲಿ ರಕ್ತ ನೋಡಿದ ಡಾಕ್ಟರು ಬೈದು ಅಲ್ಲೇ ದಾಖಲು ಮಾಡಿಕೊಂಡರು. ಇನ್ನು ಸ್ವಲ್ಪ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು. ಸಕ್ಕರೆ ಹತೋಟಿಗೆ ಬಂದ ಮೇಲೆ ಅವಳೇ ಅವನನ್ನು ಹಲ್ಲಿನ ಡಾಕ್ಟರು ಶಾಂಭವಿಯ ಕ್ಲಿನಿಕ್ಕಿಗೆ ಕರೆದೊಯ್ದಳು. ಒಸಡಿನೊಳಗೆ ಕೀವು ತುಂಬಿತ್ತು. ಕೆಳಗಿನ ಎರಡು ಹಲ್ಲು ಉಳಿಯುವಂತಿರಲಿಲ್ಲ. ಕಿತ್ತಾದ ಮೇಲೆ ಅವನು ಹತ್ತಿ ಕಚ್ಚಿಕೊಂಡು ಹೊರಗಿನ ಬೆಂಚಿನ ಮೇಲೆ ಬಂದು ಕೂತ. ಒಂದು ಕೆನ್ನೆ ಊದಿತ್ತು. ಅಷ್ಟು ಮಾತಿನ ಮನುಷ್ಯ ಹೀಗೆ ಸುಮ್ಮನೆ ಕೂತದ್ದನ್ನು ಅವಳು ನೋಡಿರಲಿಲ್ಲ. ಕೇಳುವುದಿದ್ದರೆ ಈಗಲೇ ಅನ್ನಿಸಿತು.

"ಮದುವೆ ಆದ ದಿನ ನನಗೆ ಬಾಯಿ ತೊಳ್ಕೊಂಡು ಬಾ ಅಂದ್ರಲ್ಲ. ಅವತ್ತು ನಿಜವಾಗ್ಲೂ ವಾಸನೆ ಇತ್ತಾ?"

ಅವನು ಹುಬ್ಬು ಗಂಟಿಕ್ಕಿದ. ಹತ್ತಿಯ ಸಂದಿನಿಂದ ಮಾತು ತೊದಲಾಗಿ ಬಂತು. "ನಾನಾ? ಹಂಗಂದಿದ್ನಾ?"

"ಅಂದಿದ್ರಿ. ಆಮೇಲೂ ಅಂತಿದ್ರಿ."

"ನೆನಪಿಲ್ಲ ಕಣೇ. ಏನೋ ಅಭ್ಯಾಸಕ್ಕೆ ಅಂದಿರ್ತೀನಿ. ಅದನ್ನೆಲ್ಲ ಯಾರು ಮನಸಲ್ಲಿ ಇಟ್ಕೊಳ್ತಾರೆ?"

ಸುಳ್ಳು ಹೇಳುತ್ತಿದ್ದಾನೆಯೇ ಎಂದು ಮುಖವನ್ನೇ ನೋಡಿದಳು. ಸುಳ್ಳಿರಲಿಲ್ಲ. ಅಲ್ಲಿ ಏನೂ ಇರಲಿಲ್ಲ. ಅವನು ಬೇಕೆಂದೇ ತುಳಿದಿದ್ದರೆ, ಹೆಂಡತಿ ತಲೆಯೆತ್ತಬಾರದೆಂದು ಲೆಕ್ಕ ಹಾಕಿ ಆಡಿದ್ದರೆ, ಅವಳ ದ್ವೇಷಕ್ಕೆ ಎದುರಾಳಿಯೊಬ್ಬ ಸಿಕ್ಕುತ್ತಿದ್ದ. ದಾರಿಯಲ್ಲಿ ಹೋಗುತ್ತ ಬೇಲಿಯ ಸೊಪ್ಪನ್ನು ತರಿದು ಎಸೆದವನ ಹಾಗೆ ಅವಳ ಬಾಯಿ, ಅವಳ ಹಾಡು, ಅವಳ ಮಗುವಿನ ಕೆನ್ನೆ ಎಲ್ಲವನ್ನೂ ತರಿದು, ಕೈ ಒರೆಸಿಕೊಳ್ಳದೆ ಮುಂದೆ ನಡೆದುಬಿಟ್ಟಿದ್ದ. ಒಳಗಿದ್ದ ಕಾವು ಅಲ್ಲಿಗೆ ಆರಬೇಕಿತ್ತು. ಅದು ಗಟ್ಟಿಯಾಯಿತು.

ಔಷಧಿ ಹಿಡಿಯಿತು. ಅವನು ಹೇಳಿದ್ದನ್ನೆಲ್ಲ ತಪ್ಪದೆ ಮಾಡಿದ. ಹಲ್ಲಿನ ಸಂದಿಗೆ ದಾರ ಹಾಕಿ ಎಳೆದ, ನಾಲಿಗೆ ಕೆರೆದ, ಸಿಹಿ ಬಿಟ್ಟ, ಬೆಳಿಗ್ಗೆ ನಡೆದ. ಕೆನ್ನೆಯಲ್ಲಿ ಮತ್ತೆ ಮಾಂಸ ಕೂತಿತು. ವಾಸನೆ ದಿನದಿಂದ ದಿನಕ್ಕೆ ಇಳಿದು ಒಂದು ಬೆಳಿಗ್ಗೆ ಪೂರಾ ಇಲ್ಲವಾಯಿತು. ಅದು ಮೊದಲು ತಿಳಿದದ್ದು ಶಶಿಕಲಾಳಿಗೆ. ಅವನಿಗೆ ತಿಳಿಯಲಿಲ್ಲ. ಡಾಕ್ಟರು ಈಗ ಏನೂ ಇಲ್ಲವೆಂದರೂ ಅವನು ನಂಬಲಿಲ್ಲ. ದುಡ್ಡು ಕೊಟ್ಟವರಿಗೆ ಸಮಾಧಾನದ ಮಾತು ಆಡುತ್ತಾರೆ ಎಂದ. ವಸಂತನನ್ನು ಕೇಳಿದರೆ ಸಂಕೋಚಕ್ಕೆ ಇಲ್ಲ ಅನ್ನುತ್ತಾನೆ ಎಂದ. ಫೀಲ್ಡಿಗೆ ವಾಪಸ್ಸು ಬರಬಹುದು ಎಂದು ಆಫೀಸಿನಿಂದ ಕರೆ ಬಂದ ದಿನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅವಳ ಹತ್ತಿರ ಬಂದು, ಕಣ್ಣು ಮುಚ್ಚಿ, ಬಾಯಿ ತೆರೆದು ಉಸಿರು ಬಿಟ್ಟ. ಪೇಸ್ಟಿನ ತಂಪು, ಬರೀ ಗಾಳಿ. ಹಲ್ಲು ಕಿತ್ತ ಖಾಲಿ ಜಾಗದಲ್ಲಿ ಹೊಳೆಯುವ ತೇವದ ಒಸಡು ಕಂಡಿತು.

"ಹೇಳು ಶಶಿ. ಇದೆಯಾ?"

"ಇದೆ" ಎಂದಳು.

ಅವನು ಕಣ್ಣು ತೆರೆದ. ಬಯ್ಯುತ್ತಾನೆ, ಇಷ್ಟೆಲ್ಲ ಮಾಡಿದ ಮೇಲೂ ಹೇಗಿರುತ್ತೆ ಎಂದು ಎಗರುತ್ತಾನೆ ಎಂದು ಕಾದಳು. ಎಗರಿದ್ದರೆ ಚೆನ್ನಾಗಿತ್ತು, ತಾನೂ ಒಮ್ಮೆ ಗಂಟಲು ಹರಿಯುವ ಹಾಗೆ ಕೂಗಬಹುದಿತ್ತು. ಅವನು ಅಂಗಿಯ ಮೇಲಿನ ಗುಂಡಿಯನ್ನು ನಿಧಾನಕ್ಕೆ ಬಿಚ್ಚಿದ. ಒಳಗೆ ಹೋಗಿ, ಇನ್ನು ಸ್ವಲ್ಪ ದಿನ ಗೋಡೌನಿನಲ್ಲೇ ಇರುತ್ತೇನೆಂದು ಫೋನಿನಲ್ಲಿ ಯಾರಿಗೋ ಹೇಳುವುದು ಕೇಳಿಸಿತು. ಹೊರಡುವ ಮುನ್ನ ಅವನು ತೋಳಿನಷ್ಟು ದೂರದಲ್ಲೇ ನಿಂತು ಹೇಳಿದ. "ನೀನೊಬ್ಳು ಇದ್ದಿದ್ದಕ್ಕೆ ಆಯ್ತು ಕಣೇ. ಬೇರೆಯವ್ರು ಯಾರೂ ಹೀಗೆ ಇದ್ದದ್ದು ಇದ್ದಂಗೆ ಹೇಳಲ್ಲ."

ಕುಕ್ಕರು ಕೂಗಿತು. ಅವಳು ಒಲೆ ಆರಿಸುವುದನ್ನು ಮರೆತು ನಿಂತಳು. ಈ ಮಾತನ್ನು ಅವಳು ಬಲ್ಲಳು. ಯಾರಿಂದಲೂ ಕೇಳಿದ್ದಲ್ಲ, ತಾನೇ ಮನಸ್ಸಿನಲ್ಲಿ ಆಡಿಕೊಂಡದ್ದು. ಮದುವೆಯಾದ ಹೊಸದರಲ್ಲಿ, ತವರಿನಲ್ಲಿ ಅಮ್ಮನಾಗಲಿ ಅಕ್ಕನಾಗಲಿ ಎಂದೂ ಹೇಳದ್ದನ್ನು ಇವನು ಹೇಳಿದನಲ್ಲ, ಇಂಥ ಬಾಯಿ ಇಟ್ಟುಕೊಂಡ ನನ್ನನ್ನು ಬಿಡದೆ ಬಾಳಿಸುತ್ತಿದ್ದಾನಲ್ಲ ಎಂದು ದೇವರ ಮನೆಯಲ್ಲಿ ದೀಪ ಹಚ್ಚುವಾಗ ಅವನಿಗಾಗಿ ಕೈ ಮುಗಿಯುತ್ತಿದ್ದಳು. ಒಂದು ದಿನದ ಮಾತಲ್ಲ ಅದು, ವರ್ಷಗಟ್ಟಲೆ. ಹಾಡು ಹೋದದ್ದು, ಬಡ್ತಿ ತಪ್ಪಿದ್ದು, ಈರುಳ್ಳಿಯ ರುಚಿ ಮರೆತದ್ದು ಎಲ್ಲಕ್ಕಿಂತ ಈ ಕೈಮುಗಿದದ್ದು ಈಗ ಅವಳ ಮೈಯನ್ನು ಸುಟ್ಟಿತು. ಇಷ್ಟು ದಿನ ತಾನು ತೀರಿಸಿಕೊಳ್ಳಬೇಕೆಂದಿದ್ದುದು ಯಾವುದೆಂದು ಅವಳಿಗೆ ಆಗ ತಿಳಿಯಿತು. ಅದು ಸಿಕ್ಕಿತ್ತು. ಅವನ ಕಣ್ಣಲ್ಲಿ ಈಗಷ್ಟೇ, ಸಾಸಿವೆಯಷ್ಟೂ ಕಡಿಮೆಯಿಲ್ಲದಂತೆ, ತನ್ನದೇ ಆ ಕೃತಜ್ಞತೆಯನ್ನು ಕಂಡಿದ್ದಳು. ಕುಣಿಯಬೇಕಿತ್ತು. ಅವಳು ಕೈ ಚಾಚಿ ಒಲೆ ಆರಿಸಿದಳು. ಅವನನ್ನು ಕೂಗಿ ಕರೆದು, ಇಲ್ಲ ರೀ, ಏನೂ ಇಲ್ಲ, ಹೋಗಿ ಎಲ್ಲರ ಹತ್ತಿರ ಮಾತಾಡಿ ಅನ್ನಲು ಒಂದು ಉಸಿರು ಸಾಕಿತ್ತು. ಗೇಟು ತೆರೆದ ಸದ್ದು, ಸ್ಕೂಟರು ಹೊರಟ ಸದ್ದು ಕೇಳಿಸಿತು.

ಮಾರನೆಯ ಬೆಳಿಗ್ಗೆ ಅವನು ಮುಖ ಒರೆಸಿಕೊಂಡು ಮತ್ತೆ ಬಂದ. ಅವಳು ಫ್ಯಾಕ್ಟರಿಗೆ ಹೊರಡಲು ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದಳು. ಅವನು ಕಣ್ಣು ಮುಚ್ಚಿದ. ಬಾಯಿ ತೆರೆದು ಕಾದ, ಪ್ರಸಾದಕ್ಕೆ ನಿಂತವನಂತೆ. ಅವಳು ಬಾಗಿ, ಅವನ ತುಟಿಯ ತೀರ ಹತ್ತಿರಕ್ಕೆ ಮುಖ ತಂದು, ದೀರ್ಘವಾಗಿ ಮೂಸಿದಳು.

"ನಾಳೆ ನೋಡೋಣ" ಎಂದಳು.